ಕಿವಿಗೆ ಕಾಣುವ ಬೆಕ್ಕು, ಇಲಿ

ಸಾಗರದ ನಮ್ಮ ಮನೆಗೆ ಕೇಬಲ್ ಟಿವಿ ಬರುವ ಹೊತ್ತಿಗೆ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಅವಳಿಗೆ ಹೆದರಿಕೆ. ಈ ಮಳೆಗಾಲ ಕಳೆಯಲಿ, ಈ ಹಬ್ಬ ಮುಗಿಯಲಿ ಎಂದು ಮುಂದೂಡುತ್ತಲೇ ಇದ್ದಳು. ರಜೆಯ ಮಧ್ಯಾಹ್ನ ನಾವು ಮಕ್ಕಳು ಟಿವಿ ಮುಂದೆ ಕೂತರೆ ಅವಳು ಗೋಡೆಗೆ ಒರಗಿ, ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಹೂಬತ್ತಿ ಮಾಡುತ್ತಾ ಕೂರುತ್ತಿದ್ದಳು. ಪರದೆಯ ಮೇಲೆ ಬೂದು ಬೆಕ್ಕು ಕಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. "ಇಲಿ ಮೇಲೆ ಹತ್ತಿತಲ್ಲೋ ಮಗಾ?" ಎನ್ನುತ್ತಿದ್ದಳು. ಹತ್ತಿರುತ್ತಿತ್ತು. "ಈಗ ಬೆಕ್ಕು ಕಳ್ಳಹೆಜ್ಜೆ ಇಡ್ತಾ ಇದೆ." ಇಡುತ್ತಿರುತ್ತಿತ್ತು. "ಬಿತ್ತು ನೋಡು ಈಗ" ಎನ್ನುವಷ್ಟರಲ್ಲಿ ಪಿಂಗಾಣಿ ತಟ್ಟೆಗಳ ರಾಶಿ ಬೆಕ್ಕಿನ ತಲೆಯ ಮೇಲೆ ಕುಸಿಯುತ್ತಿತ್ತು.

ಆ ದಿನಗಳಲ್ಲಿ ಇದು ಅಜ್ಜಿಯದೇ ಏನೋ ಚಮತ್ಕಾರ ಅಂದುಕೊಂಡಿದ್ದೆವು. ಟಾಮ್ ಅಂಡ್ ಜೆರ್ರಿ ಹೇಗೆ ತಯಾರಾಗುತ್ತಿತ್ತು ಎಂದು ಓದಿಕೊಂಡ ಮೇಲೆ ನನಗೆ ತಿಳಿದದ್ದು ಇಷ್ಟು: ಕಣ್ಣು ಕಾಣದವರಿಗೂ ಕಾಣುವ ಹಾಗೆ ಅದನ್ನು ಕಟ್ಟಿದವರು ಇದ್ದರು. ಅಜ್ಜಿಯ ಕಿವಿ ಚುರುಕಾಗಿತ್ತು, ನಿಜ. ಆದರೆ ಆ ಕಿವಿಗೆ ಇಲಿಯ ಹೆಜ್ಜೆಯನ್ನೂ ಬೆಕ್ಕಿನ ಹೊಂಚನ್ನೂ ಮುಟ್ಟಿಸುತ್ತಿದ್ದವರು ಸ್ಕಾಟ್ ಬ್ರಾಡ್ಲಿ ಎಂಬ ಸಂಗೀತಗಾರ. ಟಾಮ್, ಜೆರ್ರಿ ಎಂದರೆ ಹಾನಾ, ಬಾರ್ಬೆರಾ ಎಂಬ ಜೋಡಿ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಮೂರನೆಯ ಈ ಹೆಸರು ಮರೆತುಹೋಗಿದೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ. ಅಲ್ಲಿನ ಎಂಜಿಎಂ ಸ್ಟುಡಿಯೊ ಸಿನಿಮಾ ಲೋಕದ ಸಿರಿವಂತ ಮನೆ. ತಾರೆಯರು, ಹಾಡು, ಕುಣಿತ ಯಾವುದಕ್ಕೂ ಅಲ್ಲಿ ಕೊರತೆ ಇರಲಿಲ್ಲ. ಇಲ್ಲದಿದ್ದದ್ದು ಒಂದು ಒಳ್ಳೆಯ ಕಾರ್ಟೂನ್. ಕಾರ್ಟೂನಿಗೆಂದು ಆಸ್ಕರ್ ಕೊಡಲು ಶುರು ಮಾಡಿದ ಮೊದಲ 8 ವರ್ಷವೂ ಪ್ರಶಸ್ತಿ ವಾಲ್ಟ್ ಡಿಸ್ನಿಯ ಮನೆಗೇ ಹೋಗಿತ್ತು. 1937ರಲ್ಲಿ ಎಂಜಿಎಂ ತನ್ನದೇ ಕಾರ್ಟೂನ್ ವಿಭಾಗ ತೆರೆಯಿತು. ಮೊದಲ ಸರಣಿ ನೆಲ ಕಚ್ಚಿತು. ಆ ಗಲಿಬಿಲಿಯಲ್ಲಿ ಎದುರುಬದುರು ಮೇಜಿನಲ್ಲಿ ಕೂತವರು ಇಬ್ಬರು ಯುವಕರು. ನ್ಯೂ ಮೆಕ್ಸಿಕೊದಲ್ಲಿ 1910ರಲ್ಲಿ ಹುಟ್ಟಿದ ವಿಲಿಯಂ ಹಾನಾ, ಅವರಿಗಿಂತ ಒಂದು ವರ್ಷಕ್ಕೆ ಚಿಕ್ಕವರಾದ ನ್ಯೂಯಾರ್ಕಿನ ಜೋಸೆಫ್ ಬಾರ್ಬೆರಾ.

ಬಾರ್ಬೆರಾ ಬ್ಯಾಂಕಿನಲ್ಲಿ ತೆರಿಗೆ ಲೆಕ್ಕದ ಗುಮಾಸ್ತರಾಗಿದ್ದವರು. ಬಿಡುವಿನಲ್ಲಿ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದು ಕಳಿಸುತ್ತಿದ್ದರು. ಅವರ ಕೈಯಲ್ಲಿ ಪೆನ್ಸಿಲ್ ಓಡುತ್ತಿದ್ದ ವೇಗ ಕಂಡು ಸಹೋದ್ಯೋಗಿಗಳು ಬೆರಗಾಗುತ್ತಿದ್ದರಂತೆ. ಹಾನಾ ಚಿತ್ರ ಬರೆಯುವುದರಲ್ಲಿ ಅಷ್ಟೇನೂ ಗಟ್ಟಿಗರಲ್ಲ. ಮಹಾ ಕುಸಿತದ ಕಾಲದಲ್ಲಿ ಕಟ್ಟಡದ ಕೆಲಸ ಕಳೆದುಕೊಂಡು ಕಾರ್ಟೂನ್ ಸ್ಟುಡಿಯೊ ಸೇರಿ, ಚಿತ್ರ ಬಿಡಿಸುವ ಪಾರದರ್ಶಕ ಹಾಳೆಗಳನ್ನು ತೊಳೆಯುವ ಕೆಲಸದಿಂದ ಮೇಲೆ ಬಂದವರು. ಆದರೆ ಹಾಡು ಕಟ್ಟುವುದು, ಗೆಳೆಯರ ಜೊತೆ ಸೇರಿ ಹಾಡುವುದು ಅವರಿಗೆ ಪ್ರಾಣ. ಬಾರ್ಬೆರಾ ದೃಶ್ಯಗಳನ್ನು ಬರೆದು ಗೋಡೆಗೆ ಚುಚ್ಚಿದರೆ, ಯಾವ ಚಲನೆಗೆ ಎಷ್ಟು ಹೊತ್ತು ಎಂದು ಅಳೆದು ಬರೆಯುವವರು ಹಾನಾ. ಒಬ್ಬರದು ಗೆರೆ, ಇನ್ನೊಬ್ಬರದು ಲಯ.

ಬೆಕ್ಕು ಇಲಿಯ ಕಥೆ ಮಾಡೋಣ ಎಂದಾಗ ಸ್ಟುಡಿಯೊದಲ್ಲಿ ಯಾರಿಗೂ ಹುಮ್ಮಸ್ಸು ಬರಲಿಲ್ಲ. ಅದೊಂದು ಸವೆದ ನಾಣ್ಯ, ಅದರಲ್ಲಿ ಹೊಸತೇನು ಎಂಬ ಮಾತು. ಆದರೂ 1940ರ ಫೆಬ್ರವರಿ 10ರಂದು 'ಪಸ್ ಗೆಟ್ಸ್ ದ ಬೂಟ್' ತೆರೆಗೆ ಬಂತು. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಹಾನಾ, ಬಾರ್ಬೆರಾ ಹೆಸರು ಎಲ್ಲೂ ಇಲ್ಲ. ಮೇಲಿನವರಾದ ರುಡಾಲ್ಫ್ ಐಸಿಂಗ್ ಹೆಸರೊಂದೇ. ಇನ್ನೊಂದು ಸಾಮಾನು ಒಡೆದರೆ ಹೊರಗೆ ಎಂದು ಮನೆಗೆಲಸದಾಕೆ ಬೆಕ್ಕಿಗೆ ಎಚ್ಚರಿಕೆ ಕೊಡುತ್ತಾಳೆ. ಅದನ್ನು ಕೇಳಿಸಿಕೊಂಡ ಇಲಿ ಮೇಜಿನ ಅಂಚಿಗೆ ಬಂದು, ಒಂದು ಗಾಜಿನ ಲೋಟವನ್ನು ಎತ್ತಿ ಹೊರಗೆ ಚಾಚಿ ಹಿಡಿಯುತ್ತದೆ. ಅಷ್ಟೇ. ಬೆಕ್ಕು ಎತ್ತಿದ ಪಂಜವನ್ನು ಎತ್ತಿದಲ್ಲೇ ನಿಲ್ಲಿಸುತ್ತದೆ. ಮುಂದಿನ 18 ವರ್ಷ ಈ ಜೋಡಿ ಆಡಿದ್ದೆಲ್ಲ ಆ ಒಂದು ಲೋಟದಲ್ಲೇ ಇದೆ. ದೊಡ್ಡವನ ಬಲ ಇರುವುದು ಮೈಯಲ್ಲಿ. ಚಿಕ್ಕವನ ಬಲ ಇರುವುದು ದೊಡ್ಡವನ ಭಯ ಯಾವುದೆಂದು ತಿಳಿದಿರುವುದರಲ್ಲಿ.

ಚಿತ್ರ ಗೆದ್ದಿತು, ಆಸ್ಕರ್ ಸ್ಪರ್ಧೆಗೂ ಹೋಯಿತು. ಆ ವರ್ಷದ ಪ್ರಶಸ್ತಿ ಡಿಸ್ನಿಯ ಕೈ ತಪ್ಪಿತಾದರೂ ದಕ್ಕಿದ್ದು ಎಂಜಿಎಂನದೇ ಇನ್ನೊಂದು ಕಾರ್ಟೂನಿಗೆ. ವಿಭಾಗದ ಮುಖ್ಯಸ್ಥ ಫ್ರೆಡ್ ಕ್ವಿಂಬಿ ಬೆಕ್ಕು ಇಲಿ ಸಾಕು, ಬೇರೆ ಏನಾದರೂ ಮಾಡಿ ಎಂದಿದ್ದರು. ಅಷ್ಟರಲ್ಲಿ ಟೆಕ್ಸಾಸ್‌ನಿಂದ ಚಿತ್ರಮಂದಿರಗಳ ವ್ಯವಹಾರ ನೋಡುತ್ತಿದ್ದ ಮಹಿಳೆಯೊಬ್ಬರು ಆ ಬೆಕ್ಕು ಇಲಿಯ ಇನ್ನೊಂದು ಚಿತ್ರ ಯಾವಾಗ ಎಂದು ಕೇಳಿ ಕಾಗದ ಬರೆದರು. ಕೆಲಸ ಮುಂದುವರಿಯಿತು. ಹೊಸ ಹೆಸರಿಗಾಗಿ ಸ್ಟುಡಿಯೊದೊಳಗೇ ಸ್ಪರ್ಧೆ ಇಟ್ಟರು. ಜಾನ್ ಕಾರ್ ಎಂಬ ಕಲಾವಿದ ಟಾಮ್, ಜೆರ್ರಿ ಎಂದು ಸೂಚಿಸಿ 50 ಡಾಲರ್ ಗೆದ್ದರು. 1941ರ 'ದ ಮಿಡ್‌ನೈಟ್ ಸ್ನ್ಯಾಕ್'ನಿಂದ ಆ ಹೆಸರೇ ನಿಂತಿತು.

ಮೊದಮೊದಲು ಟಾಮ್ ನಾಲ್ಕು ಕಾಲಿನ ನಿಜವಾದ ಬೆಕ್ಕಿನ ಹಾಗೆಯೇ ಇದ್ದ. ಮೈತುಂಬ ಕೂದಲು, ಹಣೆಯ ಮೇಲೆ ಸುಕ್ಕು, ಓಟವೂ ನಿಧಾನ. 1940ರ ದಶಕದ ಆರಂಭದಲ್ಲಿ ಟೆಕ್ಸ್ ಏವ್ರಿ ಎಂಬ ನಿರ್ದೇಶಕರು ಅದೇ ಸ್ಟುಡಿಯೊಗೆ ಬಂದರು. ಅವರ ಚಿತ್ರಗಳ ಹುಚ್ಚು ವೇಗ ಪಕ್ಕದ ಕೋಣೆಯವರಿಗೂ ತಗುಲಿತು. ಟಾಮ್ ಎದ್ದು ಎರಡು ಕಾಲಿನ ಮೇಲೆ ನಿಂತ. ಮೈಮೇಲಿನ ಗೆರೆಗಳು ಕಡಿಮೆಯಾದವು, ಓಟ ಬಿರುಸಾಯಿತು. ಈ ಬದಲಾವಣೆಯ ಒಳಗೆ ಗಣಿತ ಇದೆ.

ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. 7 ನಿಮಿಷದ ಕಾರ್ಟೂನಿಗೆ 10 ಸಾವಿರಕ್ಕೂ ಹೆಚ್ಚು ಚೌಕಟ್ಟು ಬೇಕು. 12 ಚೌಕಟ್ಟಿಗೊಂದು ಪೆಟ್ಟು ಎಂದು ಲೆಕ್ಕ ಇಟ್ಟುಕೊಂಡರೆ ನಿಮಿಷಕ್ಕೆ 120 ಪೆಟ್ಟು, ನಡಿಗೆಯ ಲಯ. 8 ಚೌಕಟ್ಟಿಗೊಂದು ಎಂದರೆ ನಿಮಿಷಕ್ಕೆ 180, ಜೀವ ಕೈಯಲ್ಲಿ ಹಿಡಿದು ಓಡುವ ಲಯ. ಹಾನಾ ಈ ಲೆಕ್ಕವನ್ನು ಸ್ವರ ಬರೆಯುವ ಹಾಳೆಯಂಥ ಹಾಳೆಯ ಮೇಲೆ ಗುರುತು ಮಾಡುತ್ತಿದ್ದರು: ಈ ಪೆಟ್ಟಿಗೆ ಎಡಗಾಲು, ಈ ಪೆಟ್ಟಿಗೆ ಬಲಗಾಲು, ಇಲ್ಲಿ ಎರಡು ಪೆಟ್ಟು ಮೌನ, ಇಲ್ಲಿ ಕಣ್ಣು ಮಿಟುಕು, ಇಲ್ಲಿ ಬಾಣಲೆ. ಮೃದಂಗದವರು ಕೋರ್ವೆ ಕಟ್ಟುವಾಗ ಮುಕ್ತಾಯ ಎಲ್ಲಿಗೆ ಬಂದು ಬೀಳಬೇಕೆಂದು ಹಿಂದಿನಿಂದ ಲೆಕ್ಕ ಹಾಕುವುದನ್ನು ಕಂಡವರಿಗೆ ಇದು ಹೊಸತಲ್ಲ. ಟಾಮ್ ಬೀಳುವುದು ನಗು ತರುವುದಿಲ್ಲ. ಸರಿಯಾದ ಪೆಟ್ಟಿಗೆ ಬೀಳುವುದು ನಗು ತರುತ್ತದೆ. ಒಂದೆರಡು ಚೌಕಟ್ಟು ಹಿಂದೆ ಮುಂದೆ ಆದರೂ ಅದೇ ದೃಶ್ಯ ಸಪ್ಪೆ.

ಈ ಹಾಳೆ ಬಂದು ತಲುಪುತ್ತಿದ್ದದ್ದು ಬ್ರಾಡ್ಲಿ ಮೇಜಿಗೆ. 1891ರಲ್ಲಿ ಆರ್ಕನ್ಸಾದ ರಸೆಲ್‌ವಿಲ್‌ನಲ್ಲಿ ಹುಟ್ಟಿದ ಅವರು ಚಿತ್ರಮಂದಿರ, ರೇಡಿಯೊಗಳಲ್ಲಿ ನುಡಿಸಿ ಕಾರ್ಟೂನಿಗೆ ಬಂದವರು. ಹಾಲಿವುಡ್‌ನಲ್ಲಿ ಒಂದು ರೂಢಿ ಇತ್ತು. ಪಾತ್ರ ಮೆಟ್ಟಿಲು ಹತ್ತಿದರೆ ಸ್ವರವೂ ಮೆಟ್ಟಿಲು ಹತ್ತಬೇಕು, ಜಾರಿದರೆ ಸ್ವರವೂ ಜಾರಬೇಕು. ಇದಕ್ಕೆ ಮಿಕಿ ಮೌಸಿಂಗ್ ಎಂದೇ ಹೆಸರು. ಕೊಂಚ ತಾತ್ಸಾರದ ಹೆಸರು. ಬ್ರಾಡ್ಲಿ ಆ ರೂಢಿಯನ್ನು ಬಿಡಲಿಲ್ಲ, ಅದರೊಳಗೇ ಒಂದು ದೊಡ್ಡ ವಿದ್ಯೆಯನ್ನು ತುಂಬಿದರು. ಎಂಜಿಎಂ ಹಾಡುಗಳು ಹೇಗೂ ಮನೆಯ ಆಸ್ತಿ, ಅವನ್ನು ಸುಲಭವಾಗಿ ಬಳಸಿಕೊಳ್ಳಬಹುದಿತ್ತು, ಬಳಸಿಕೊಂಡರು ಕೂಡ. ಆದರೆ ಬೇಕೆಂದಾಗ ಅವರು ಕೈ ಹಾಕುತ್ತಿದ್ದದ್ದು ಆ ಕಾಲದ ಅತಿ ಕಠಿಣ ಸಂಗೀತಕ್ಕೆ. 1944ರ 'ಪುಟಿನ್ ಆನ್ ದ ಡಾಗ್'ನಲ್ಲಿ ಒಂದು ದೃಶ್ಯವಿದೆ. ಜೆರ್ರಿ ನಾಯಿಯ ತಲೆಯನ್ನು ಹೊತ್ತು ಓಡುತ್ತಾನೆ. ನಾಯಿಯ ತಲೆ, ಇಲಿಯ ಕಾಲು! ಈ ವಿಚಿತ್ರಕ್ಕೆ ಸಾಮಾನ್ಯ ಶ್ರುತಿಯಲ್ಲಿ ಹೊಂದುವ ರಾಗ ಯಾವುದು? ಬ್ರಾಡ್ಲಿ 12 ಸ್ವರಗಳಿಗೂ ಸರಿಸಮ ಸ್ಥಾನ ಕೊಟ್ಟು ಯಾವುದನ್ನೂ ಆಧಾರ ಷಡ್ಜವಾಗಿ ನಿಲ್ಲಿಸದ ಪದ್ಧತಿಯನ್ನು ಎತ್ತಿಕೊಂಡರು. ಅದನ್ನು ರೂಪಿಸಿದ ಆರ್ನಾಲ್ಡ್ ಶೋನ್‌ಬರ್ಗ್ ನಾಜಿಗಳಿಂದ ತಪ್ಪಿಸಿಕೊಂಡು ಬಂದು ಆಗ ಅದೇ ಲಾಸ್ ಏಂಜಲೀಸ್‌ನಲ್ಲಿ ವಾಸವಾಗಿದ್ದರು. ಸಭಾಂಗಣಗಳಲ್ಲಿ ಜನ ಮುಖ ಸಿಂಡರಿಸಿ ಎದ್ದು ಹೋಗುತ್ತಿದ್ದ ಸಂಗೀತವದು. ಅದನ್ನೇ ಇಲ್ಲಿ ಮಕ್ಕಳು ನಗುನಗುತ್ತಾ ಕೇಳಿದರು. ನಮ್ಮಜ್ಜಿಯೂ ಕೇಳಿದ್ದಳು.

ಬ್ರಾಡ್ಲಿ ಬರೆದದ್ದನ್ನು ನುಡಿಸುವುದು ವಾದ್ಯಗಾರರಿಗೆ ಅಗ್ನಿಪರೀಕ್ಷೆ. ಲಯ ತಪ್ಪದಿರಲೆಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಟಕ್ ಟಕ್ ಎಂಬ ಸದ್ದು ಕೇಳಿಸುತ್ತಿದ್ದರು. ಒಂದು ಸಾಲು ಮುಗಿಯುವುದರೊಳಗೆ ಲಯ ಬದಲಾಗುತ್ತಿತ್ತು, ಮತ್ತೊಂದು ಸಾಲಿಗೆ ಇನ್ನೊಂದು.

ಇಷ್ಟೆಲ್ಲ ಒಂದೆಡೆ ಸೇರಿದ್ದು 'ದ ಕ್ಯಾಟ್ ಕನ್ಸರ್ಟೊ'ದಲ್ಲಿ. 1946ನೇ ಸಾಲಿನ ಆಸ್ಕರ್ ಪಡೆದ ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೋಟು ತೊಟ್ಟ ಟಾಮ್ ವೇದಿಕೆಗೆ ಬಂದು, ಬಾಗಿ ವಂದಿಸಿ, ಪಿಯಾನೊ ಮುಂದೆ ಕೂರುತ್ತಾನೆ. ಶುರುವಾಗುವುದು ಫ್ರಾನ್ಜ್ ಲಿಸ್ಟ್‌ನ ಎರಡನೆಯ ಹಂಗೇರಿಯನ್ ರ್‍ಯಾಪ್ಸೊಡಿ. ಆ ಕೃತಿಗೆ ಎರಡು ಭಾಗ. ಮೊದಲಿನದು ಗಂಭೀರ, ವಿಳಂಬ. ಎರಡನೆಯದು ಕುಣಿದು ಕೆರಳುವ ದ್ರುತ. ಪಿಯಾನೊದ ಒಳಗೆ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಸಾಲಿದೆಯಲ್ಲ, ಅದರ ಮೇಲೆ ಜೆರ್ರಿ ಮಲಗಿದ್ದಾನೆ. ಟಾಮ್ ಬೆರಳು ಒತ್ತುತ್ತಿದ್ದಂತೆ ಸುತ್ತಿಗೆ ಎದ್ದು ಜೆರ್ರಿಯನ್ನು ಹಾಸಿಗೆಯಿಂದ ಎತ್ತಿ ಎಸೆಯುತ್ತದೆ. ಅಲ್ಲಿಂದ ಜಗಳ.

ಅದರ ಸೊಗಸು ನೋಡಿ. ಟಾಮ್ ನುಡಿಸುವುದನ್ನು ನಿಲ್ಲಿಸುವಂತಿಲ್ಲ. ಎದುರಿಗೆ ಸಭೆ ಇದೆ, ಮರ್ಯಾದೆಯ ಪ್ರಶ್ನೆ. ಹಾಗಾಗಿ ಹೊಡೆದಾಟವೆಲ್ಲ ಲಿಸ್ಟ್‌ನ ಸ್ವರಗಳ ಸಂದಿಯಲ್ಲೇ ನಡೆಯಬೇಕು. ಜೆರ್ರಿ ಮುಚ್ಚಳವನ್ನು ಟಾಮ್‌ನ ಬೆರಳುಗಳ ಮೇಲೆ ಬೀಳಿಸುತ್ತಾನೆ. ಕತ್ತರಿ ಹಿಡಿದು ಬೆರಳು ಬರುವುದನ್ನೇ ಕಾಯುತ್ತಾನೆ. ಅದು ಫಲಿಸದಿದ್ದಾಗ ಮಣೆ ಕಿತ್ತು ಅದರ ಜಾಗದಲ್ಲಿ ಇಲಿಬೋನು ಇಡುತ್ತಾನೆ. ಟಾಮ್‌ನ ಬೆರಳು ಪಕ್ಕದ ಮಣೆಗಳ ಮೇಲೆಲ್ಲ ಓಡಾಡಿ, ಬೋನಿನ ಆಚೆ ಈಚೆ ಸುಳಿದು, ಕೊನೆಗೆ ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತದೆ. ಆ ಸ್ವರ ಬರಲೇಬೇಕಲ್ಲ, ಲಿಸ್ಟ್ ಬರೆದಿಟ್ಟಿದ್ದಾನೆ! ನೋವು ಮುಖದವರೆಗೆ ಬಂದರೂ ಟಾಮ್ ವಿದ್ವಾಂಸನ ಗತ್ತು ಬಿಡುವುದಿಲ್ಲ. ಜೆರ್ರಿ ಸುತ್ತಿಗೆಗಳ ಮೇಲೆ ಕುಣಿಯುತ್ತಾ ರ್‍ಯಾಪ್ಸೊಡಿಯನ್ನು ಜಾಜ್‌ಗೆ ತಿರುಗಿಸುತ್ತಾನೆ. ಒಂದು ಕ್ಷಣ ಟಾಮ್‌ನ ಕೈಗಳೂ ಅದರ ಹಿಂದೆ ಹೋಗಿಬಿಡುತ್ತವೆ. ಕೊನೆಗೆ ಸಿಟ್ಟಿಗೆದ್ದ ಜೆರ್ರಿ ಎರಡು ಸುತ್ತಿಗೆಗಳನ್ನು ಕಿತ್ತು, ಕೋಲಿನಂತೆ ಹಿಡಿದು ತಾನೇ ತಂತಿ ಬಡಿದು ಮುಕ್ತಾಯ ನುಡಿಸುತ್ತಾನೆ. ಮುಗಿಯಿತು ಎಂದುಕೊಂಡರೆ ಮತ್ತೊಂದು ಮುಕ್ತಾಯ. ಬೆಳಕಿನ ವೃತ್ತ ಸರಿದು ಜೆರ್ರಿಯ ಮೇಲೆ ನಿಲ್ಲುವಾಗ ಟಾಮ್ ಸುಸ್ತಾಗಿ ಕುಸಿದಿರುತ್ತಾನೆ. ಉದ್ದಕ್ಕೂ ಒಂದು ಮಾತಿಲ್ಲ. ಟಾಮ್‌ನ ಬೆರಳುಗಳು ಬಹುಮಟ್ಟಿಗೆ ಸರಿಯಾದ ಮಣೆಗಳ ಮೇಲೆಯೇ ಇಳಿಯುತ್ತವೆ ಎಂದು ಪಿಯಾನೊ ಬಲ್ಲವರು ಹೇಳುತ್ತಾರೆ. ಯಾರು ನೋಡುತ್ತಾರೆ ಅದನ್ನು? ಯಾರೂ ನೋಡದಿದ್ದರೂ ಸರಿಯಾಗಿಯೇ ಇರಬೇಕು ಎಂದುಕೊಂಡ ಜನ ಅವರು.

ಅದೇ ವರ್ಷ ವಾರ್ನರ್ ಸ್ಟುಡಿಯೊ ಕೂಡ ಬಗ್ಸ್ ಬನ್ನಿ ಮೊಲದ ಕೈಯಲ್ಲಿ ಅದೇ ಲಿಸ್ಟ್ ಕೃತಿ ನುಡಿಸಿ, ಪಿಯಾನೊದಲ್ಲಿ ಒಂದು ಇಲಿಯನ್ನೂ ಕೂರಿಸಿತ್ತು. ನಮ್ಮದನ್ನು ಕದ್ದರು ಎಂದು ಎರಡೂ ಕಡೆಯವರು ದೂರಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವಳಾಗಿ ಹೇಳುತ್ತೇನೆ, ಮೊಲ ಸಂಗೀತದ ಮೇಲೆ ಕೂತು ಚೇಷ್ಟೆ ಮಾಡುತ್ತದೆ, ಟಾಮ್ ಸಂಗೀತದ ಒಳಗೆ ಸಿಕ್ಕಿಬಿದ್ದಿದ್ದಾನೆ. ಹಾಗಾಗಿ ನನ್ನ ಓಟು ಟಾಮ್‌ಗೆ.

ಯಾರೂ ನೋಡದಿದ್ದರೂ ಸರಿಯಾಗಿರಬೇಕು ಎಂಬ ಹಟ ಅದಕ್ಕೂ ಮೊದಲೇ ಕಂಡಿತ್ತು. 1945ರಲ್ಲಿ 'ಆಂಕರ್ಸ್ ಅವೇ' ಚಿತ್ರದಲ್ಲಿ ಜೆರ್ರಿ ನಟ ಜೀನ್ ಕೆಲ್ಲಿ ಜೊತೆ ಕುಣಿದ. ಕೆಲ್ಲಿ ಒಬ್ಬರೇ ಕುಣಿದದ್ದನ್ನು ಚಿತ್ರೀಕರಿಸಿಕೊಂಡು, ಚೌಕಟ್ಟು ಚೌಕಟ್ಟಿಗೂ ಇಲಿಯನ್ನು ಬರೆದು ಸೇರಿಸಿದರು. ನುಣುಪು ನೆಲದ ಮೇಲೆ ಕೆಲ್ಲಿಯ ಪ್ರತಿಬಿಂಬ ಬಿದ್ದಿದೆ, ಇಲಿಯದಿಲ್ಲ ಎಂದು ಆಮೇಲೆ ಗಮನಕ್ಕೆ ಬಂತು. ಮತ್ತೆ ಕೂತು ಪ್ರತಿಬಿಂಬವನ್ನೂ ಬರೆದರು.

1943ರ 'ದ ಯಾಂಕೀ ಡೂಡಲ್ ಮೌಸ್'ನಿಂದ ವಿಯೆನ್ನಾದ ವಾಲ್ಟ್ಜ್ ಕಥೆಯ 'ಯೋಹಾನ್ ಮೌಸ್'ವರೆಗೆ ಒಟ್ಟು 7 ಆಸ್ಕರ್ ಬಂದವು. ಏಳನ್ನೂ ವೇದಿಕೆಗೆ ಹೋಗಿ ತಂದವರು ನಿರ್ಮಾಪಕ ಕ್ವಿಂಬಿ. ಬರೆದವರು, ಲಯ ಕಟ್ಟಿದವರು ಕೆಳಗೇ ಉಳಿದರು. ಬ್ರಾಡ್ಲಿಗೆ ಒಂದೂ ದಕ್ಕಲಿಲ್ಲ.

ಈ ಚಿತ್ರಗಳನ್ನು ಪ್ರೀತಿಸುವವರು ಒಂದು ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳಬಾರದು. ಮೊದಲ ಚಿತ್ರದಲ್ಲಿ ಬೆಕ್ಕಿಗೆ ಎಚ್ಚರಿಕೆ ಕೊಟ್ಟ ಆ ಮನೆಗೆಲಸದಾಕೆ ಕಪ್ಪು ವರ್ಣದವಳು. ಹೆಚ್ಚಾಗಿ ಕಾಣುವುದು ಅವಳ ಕಾಲು, ಚಪ್ಪಲಿ, ಏಪ್ರನ್. ದನಿ ಕೊಟ್ಟವರು ಲಿಲಿಯನ್ ರ್‍ಯಾಂಡಾಲ್ಫ್ ಎಂಬ ಒಳ್ಳೆಯ ನಟಿ; ಅವರ ಹೆಸರನ್ನು ಪರದೆಯ ಮೇಲೆ ಹಾಕುತ್ತಿರಲಿಲ್ಲ. ಬಿಳಿಯರ ಮನೆಯ ಕಪ್ಪು ಆಳು ಹೀಗೇ ಮಾತಾಡುತ್ತಾಳೆ ಎಂಬ ಹಳೆಯ ಅಪಹಾಸ್ಯದ ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರವದು. ಬಾಂಬು ಸಿಡಿದಾಗ ಟಾಮ್‌ನ ಮುಖ ಕಪ್ಪಾಗಿ ತುಟಿ ದಪ್ಪವಾಗುವ ದೃಶ್ಯಗಳೂ ಅದೇ ಅಚ್ಚಿನವು. ಕಪ್ಪು ಜನರ ಹಕ್ಕುಗಳ ಸಂಘಟನೆ ಆಗಲೇ ಪ್ರತಿಭಟಿಸಿತ್ತು. 1952ರ ನಂತರ ಆ ಪಾತ್ರ ಮರೆಯಾಯಿತು. 60ರ ದಶಕದಲ್ಲಿ ಟಿವಿಗಾಗಿ ಕೆಲವು ಚಿತ್ರಗಳಲ್ಲಿ ಅವಳ ಜಾಗಕ್ಕೆ ಬಿಳಿ ಹೆಂಗಸನ್ನು ಬರೆದು, ದನಿಯನ್ನೂ ಬದಲಿಸಿದರು. ಅದು ಎರಡನೆಯ ಅನ್ಯಾಯ ಎಂದೇ ನನ್ನ ಎಣಿಕೆ. ಅಪಹಾಸ್ಯದ ಜೊತೆಗೆ ರ್‍ಯಾಂಡಾಲ್ಫ್ ಅವರ ದನಿಯೂ ಅಳಿಸಿಹೋಯಿತು. ಚಿತ್ರವನ್ನು ಇದ್ದಂತೆ ತೋರಿಸಿ, ಇದು ತಪ್ಪು, ಯಾಕೆ ತಪ್ಪು ಎಂದು ಮಕ್ಕಳಿಗೆ ಬಿಡಿಸಿ ಹೇಳುವುದೇ ಸರಿ. ನಾನು ಮನೆಯಲ್ಲಿ ಹಾಗೇ ಮಾಡುತ್ತೇನೆ.

1957ರಲ್ಲಿ ಒಂದು ಫೋನ್ ಕರೆಯಲ್ಲಿ ಎಲ್ಲ ಮುಗಿಯಿತು. ಹಳೆಯ ಕಾರ್ಟೂನನ್ನೇ ಮರಳಿ ಬಿಡುಗಡೆ ಮಾಡಿದರೆ ಹೊಸದರ ಶೇ 90ರಷ್ಟು ಹಣ ಬರುತ್ತದೆ ಎಂದು ಎಂಜಿಎಂ ಲೆಕ್ಕ ಹಾಕಿತ್ತು. ಮತ್ತೆ ಹೊಸದೇಕೆ? ವಿಭಾಗಕ್ಕೆ ಬೀಗ ಬಿತ್ತು. ಮೊದಲೇ ಮುಗಿದಿದ್ದ ಚಿತ್ರಗಳು 1958ರವರೆಗೆ ಬಂದು, ಸಂಖ್ಯೆ 114ಕ್ಕೆ ನಿಂತಿತು. ಹಾನಾ, ಬಾರ್ಬೆರಾ ಸೇರಿ ಸ್ವಂತ ಕಂಪನಿ ಕಟ್ಟಿ ಟಿವಿಗೆ ಇಳಿದರು. ಅಲ್ಲಿ 5 ನಿಮಿಷದ ಕಾರ್ಟೂನಿಗೆ ಸುಮಾರು 3,000 ಡಾಲರ್ ಸಿಗುತ್ತಿತ್ತು. ಟಾಮ್ ಅಂಡ್ ಜೆರ್ರಿಗೆ ಅದರ ಹತ್ತುಪಟ್ಟಿಗೂ ಮೇಲೆ ಖರ್ಚಾಗುತ್ತಿತ್ತು. ಮೈ ಅಲುಗದೆ ಬಾಯಿ ಮಾತ್ರ ಆಡುವ, ಮಾತಿನಿಂದಲೇ ಸಾಗುವ ಕಾರ್ಟೂನ್ ಹುಟ್ಟಿದ್ದು ಹೀಗೆ. ಯೋಗಿ ಬೇರ್, ಫ್ಲಿಂಟ್‌ಸ್ಟೋನ್ಸ್ ನನಗೂ ಇಷ್ಟ, ಆದರೆ ಅವು ಬೇರೆಯದೇ ವಿದ್ಯೆ. ವಿಭಾಗದ ಬಾಗಿಲು ಮುಚ್ಚಿದಾಗ ಬ್ರಾಡ್ಲಿ ಕಾರ್ಟೂನ್ ಬಿಟ್ಟರು. 1977ರಲ್ಲಿ ತೀರಿಕೊಂಡರು.

ಟಾಮ್, ಜೆರ್ರಿ ಮಾತ್ರ ಬೇರೆಯವರ ಕೈಗೆ ಹೋದರು. 1961ರಿಂದ 62ರ ನಡುವೆ ಜೀನ್ ಡೈಚ್ ಎಂಬ ಅಮೆರಿಕನ್ ನಿರ್ದೇಶಕರು ಕಮ್ಯುನಿಸ್ಟ್ ಆಡಳಿತದ ಪ್ರಾಗ್ ನಗರದಲ್ಲಿ ಕೂತು 13 ಚಿತ್ರ ಮಾಡಿದರು. ತಲಾ 10 ಸಾವಿರ ಡಾಲರ್ ಹಣ. ಅಲ್ಲಿನ ಕಲಾವಿದರು ಅದುವರೆಗೆ ಟಾಮ್ ಅಂಡ್ ಜೆರ್ರಿ ನೋಡಿದ್ದೂ ಬೆರಳೆಣಿಕೆಯಷ್ಟು. ಆಮೇಲೆ ಚಕ್ ಜೋನ್ಸ್ 1963ರಿಂದ 67ರವರೆಗೆ 34 ಚಿತ್ರ ಮಾಡಿದರು. ನೋಡಲು ಅಂದ, ಓಟದಲ್ಲಿ ತಣ್ಣಗೆ.

1995ರಲ್ಲಿ ಭಾರತಕ್ಕೆ ಬಂದ ಕಾರ್ಟೂನ್ ನೆಟ್‌ವರ್ಕ್ ಇವೆಲ್ಲವನ್ನೂ ಕಲಸಿ ತೋರಿಸುತ್ತಿತ್ತು. ಚಾನೆಲ್ ಪೂರ್ತಿ ಇಂಗ್ಲಿಷು, ನಮಗೆ ಅರ್ಥವಾಗುತ್ತಿದ್ದದ್ದು ಅಷ್ಟಕ್ಕಷ್ಟೇ. ಮಾತಿಲ್ಲದ ಈ ಒಂದೇ ಕಾರ್ಯಕ್ರಮಕ್ಕೆ ಭಾಷೆಯ ಹಂಗಿರಲಿಲ್ಲ. ನಮಗೆ ಯಾವ ಚಿತ್ರ ಯಾರು ಮಾಡಿದ್ದು ಎಂಬ ಪರಿವೆ ಇರಲಿಲ್ಲ. ಒಂದು ದಿನ ಪ್ರಾಗ್‌ನ ಚಿತ್ರಗಳಲ್ಲೊಂದು ಬರುತ್ತಿತ್ತು. ಅವುಗಳ ಸದ್ದು ಬಾವಿಯೊಳಗಿಂದ ಬಂದಂತೆ, ಪ್ರತಿಧ್ವನಿಯಲ್ಲಿ ಅದ್ದಿದಂತೆ ಇರುತ್ತದೆ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಇವತ್ತು ಬೆಕ್ಕಿನ ಗಂಟಲು ಸರಿ ಇಲ್ಲ. ಇದು ನಮ್ಮ ಬೆಕ್ಕಲ್ಲ" ಎಂದಳು. ಪರದೆಯ ಮೇಲೆ ಅದೇ ಬೂದು ಬೆಕ್ಕು, ಅದೇ ಕಂದು ಇಲಿ. ಅಲ್ಲ ಅಜ್ಜಿ, ಅದೇ ಎಂದು ನಾವು ವಾದಿಸಿದೆವು. ಅವಳು ತಲೆ ಅಲ್ಲಾಡಿಸಿದಳೇ ಹೊರತು ಒಪ್ಪಲಿಲ್ಲ.

1990ರ ದಶಕದ ಶುರುವಿನಲ್ಲಿ ಬಂದ ಪೂರ್ಣಾವಧಿ ಚಿತ್ರದಲ್ಲಿ ಇಬ್ಬರಿಗೂ ಮಾತು ಕೊಟ್ಟು, ಹಾಡನ್ನೂ ಹಾಡಿಸಿ, ಸ್ನೇಹಿತರನ್ನಾಗಿ ಮಾಡಿದರು. ಜನ ಒಪ್ಪಲಿಲ್ಲ. ಬಾರ್ಬೆರಾ 90 ದಾಟಿದ ಮೇಲೂ 2005ರಲ್ಲಿ ಒಂದು ಕಿರುಚಿತ್ರಕ್ಕೆ ಕೈ ಹಾಕಿದರು, ಮಾತಿಲ್ಲದ್ದು. ಮರುವರ್ಷ ತೀರಿಕೊಂಡರು.

ಹಾನಾ ಅದಕ್ಕೂ ಮೊದಲೇ, 2001ರ ಮಾರ್ಚ್ 22ರಂದು ಹೋಗಿದ್ದರು. ಅವರ ಬಗ್ಗೆ ಒಂದು ಮಾತು ಉಳಿದಿದೆ. ಬಾಗಿಲಿಗೆ ಬಾಲ ಸಿಕ್ಕಾಗ, ಬೆರಳಿಗೆ ಬೋನು ಕಚ್ಚಿದಾಗ ಟಾಮ್ ಒಂದು ಕೂಗು ಹಾಕುತ್ತಾನಲ್ಲ, ಎದೆಯಿಂದ ಸಿಡಿದು ಬಂದಂಥ ಕೂಗು, ಅದು ಯಾವ ಬೆಕ್ಕಿನದೂ ಅಲ್ಲ. 40ರ ದಶಕದಲ್ಲಿ ಹಾನಾ ತಾವೇ ಮೈಕಿನ ಮುಂದೆ ನಿಂತು ಕಿರುಚಿದ್ದರು. ಧ್ವನಿ ಜೋಡಿಸುವವರು ಆ ಕೂಗಿನ ಆರಂಭ, ಕೊನೆಗಳನ್ನು ಕತ್ತರಿಸಿ, ಅತಿ ಜೋರಾದ ನಡುಭಾಗವನ್ನಷ್ಟೇ ಇಟ್ಟುಕೊಂಡರು. ಕಿವಿಗೆ ಅದು ಅಷ್ಟು ಥಟ್ಟನೆ ಬಡಿಯುವುದು ಅದಕ್ಕೇ. 2021ರಲ್ಲಿ ಬಂದ ಟಾಮ್ ಅಂಡ್ ಜೆರ್ರಿ ಸಿನಿಮಾದಲ್ಲಿ ಮನುಷ್ಯರು ನಿಜವಾದ ನಟರು, ಬೆಕ್ಕು ಇಲಿ ಕಂಪ್ಯೂಟರಿನಲ್ಲಿ ಮೂಡಿದ್ದು. ಟಾಮ್‌ಗೆ ಪೆಟ್ಟು ಬಿದ್ದಾಗ ಕೂಗಿದವರು ಮಾತ್ರ, ತೀರಿಕೊಂಡು 20 ವರ್ಷವಾಗಿದ್ದ ಹಾನಾ.